ಹಿರಿಯ ಸ್ವಯಂಸೇವಕರ ಕಲಾ ಸ್ಪರ್ಧೆ: ಬೇಕಾದುದು ಕನಿಕರವಲ್ಲ, ತೀರ್ಪು

ಆಸ್ಪತ್ರೆಯ ವಿಚಾರಣಾ ಮೇಜಿನ ಬಳಿ ನಿಂತು ರೋಗಿಗಳಿಗೆ ದಾರಿ ತೋರಿಸುವವರು, ಅಂಧ ವಿದ್ಯಾರ್ಥಿಗಳಿಗೆ ಪಠ್ಯವನ್ನು ಓದಿ ಹೇಳುವವರು, ಸರಕಾರಿ ಶಾಲೆಯ ಮಕ್ಕಳಿಗೆ ಸಂಜೆಯ ವೇಳೆ ಲೆಕ್ಕ ಕಲಿಸುವವರು, ಬಡಾವಣೆಯ ವಾಚನಾಲಯದ ಬಾಗಿಲು ತೆರೆದು ಪತ್ರಿಕೆಗಳನ್ನು ಜೋಡಿಸಿಡುವವರು. ನಗರಗಳಲ್ಲಿ ಸಂಬಳವಿಲ್ಲದೆ ನಡೆಯುವ ಇಂತಹ ಎಷ್ಟೋ ಕೆಲಸಗಳ ಹಿಂದೆ ನಿವೃತ್ತರು ಇದ್ದಾರೆ. ಅವರನ್ನು ಸಂಸ್ಥೆಗಳು ಗುರುತಿಸುವುದು ಅವರು ನೀಡಿದ ಗಂಟೆಗಳ ಲೆಕ್ಕದಿಂದ. ವರ್ಷಕ್ಕೊಮ್ಮೆ ಒಂದು ಸಭೆ, ಒಂದು ಶಾಲು, ಹಾರ, ಫಲತಾಂಬೂಲ, ಪ್ರಮಾಣಪತ್ರ. ಅಲ್ಲಿಗೆ ಗೌರವ ಮುಗಿಯಿತು.

ಇದೇ ಕೈಗಳು ಮನೆಯಲ್ಲಿ ಮತ್ತೇನನ್ನೋ ಮಾಡುತ್ತಿರುತ್ತವೆ. ಜಲವರ್ಣದ ಚಿತ್ರ, ಕಸೂತಿ, ಮರದ ಕೆತ್ತನೆ, ಛಾಯಾಚಿತ್ರ, ಹಳೆಯ ಸೀರೆಗಳಿಂದ ಹೊಲಿದ ಕೌದಿ. ಇವುಗಳನ್ನು ಕಂಡವರು ಮನೆಮಂದಿ ಮಾತ್ರ. ಕೆಲವೊಮ್ಮೆ ಅವರೂ ಗಮನವಿಟ್ಟು ಕಂಡಿರುವುದಿಲ್ಲ. ಮಾಡಿದವರು ತೀರಿಕೊಂಡ ಬಳಿಕ ಟ್ರಂಕಿನಲ್ಲಿದ್ದ ಇಂತಹ ವಸ್ತುಗಳು ಹಳೆಯ ಸಾಮಾನಿನೊಡನೆ ಹೊರಬೀಳುವುದು ಅಪರೂಪವೇನಲ್ಲ. ಹಿರಿಯ ಸ್ವಯಂಸೇವಕರಿಗಾಗಿ ಕಲಾ ಸ್ಪರ್ಧೆ, ಪ್ರದರ್ಶನಗಳನ್ನು ಏರ್ಪಡಿಸುವ ಪದ್ಧತಿಯ ಮಹತ್ವ ಇರುವುದು ಇಲ್ಲಿಯೇ. ಆದರೆ ಸ್ಪರ್ಧೆ ಹಿರಿಯರನ್ನು ನಿಜವಾಗಿ ಗೌರವಿಸಬೇಕಾದರೆ ಅದು ಕೃತಿಯನ್ನು ಕೃತಿಯಾಗಿ ನೋಡಬೇಕು. ವಯಸ್ಸಿಗೆ ಕೊಡುವ ಬಹುಮಾನ ಬೇರೆ, ಕಲೆಗೆ ಕೊಡುವ ಬಹುಮಾನ ಬೇರೆ. ಈ ವ್ಯತ್ಯಾಸವನ್ನು ಅರಿತು ನಡೆದ ಪ್ರಯತ್ನಗಳ ಪರಿಚಯ ಹಾಗೂ ಇಂತಹ ಸ್ಪರ್ಧೆ ಏರ್ಪಡಿಸುವವರಿಗೆ ಬೇಕಾದ ಮಾಹಿತಿ ಇಲ್ಲಿದೆ.

ಸೇವೆಯ ಹಿನ್ನೆಲೆ

ಹಿರಿಯರ ಸ್ವಯಂಸೇವೆಗೆ ಸರಕಾರದ ಮಟ್ಟದಲ್ಲಿ ವ್ಯವಸ್ಥಿತ ರೂಪ ನೀಡಿದ ದೇಶಗಳಲ್ಲಿ ಅಮೆರಿಕ ಮುಖ್ಯವಾದುದು. ಅಲ್ಲಿ 1965ರಲ್ಲಿ ಆರಂಭವಾದ 'ಫಾಸ್ಟರ್ ಗ್ರ್ಯಾಂಡ್‌ಪೇರೆಂಟ್' ಯೋಜನೆಯು ವಿಶೇಷ ಆರೈಕೆ ಬೇಕಾದ ಮಕ್ಕಳ ಜೊತೆಗೆ ವೃದ್ಧರನ್ನು ಬೆಸೆಯಿತು. ನಿವೃತ್ತರನ್ನು ನಾನಾ ಬಗೆಯ ಸಮುದಾಯ ಸೇವೆಗೆ ತೊಡಗಿಸುವ ಮತ್ತೊಂದು ಯೋಜನೆ 1971ರಲ್ಲಿಯೂ, ಒಂಟಿಯಾಗಿರುವ ವೃದ್ಧರಿಗೆ ಇತರ ಹಿರಿಯರೇ ಸಂಗಾತಿಗಳಾಗುವ ಯೋಜನೆ 1974ರಲ್ಲಿಯೂ ಬಂದವು. ಈ ಮೂರನ್ನೂ 2020ರಿಂದ 'ಅಮೆರಿಕಾರ್ಪ್ಸ್ ಸೀನಿಯರ್ಸ್' ಎಂಬ ಒಂದೇ ಹೆಸರಿನಲ್ಲಿ ಕರೆಯಲಾಗುತ್ತಿದೆ. 55 ವರ್ಷ ದಾಟಿದವರು ಇವುಗಳಿಗೆ ಸೇರಬಹುದು.

ಈ ಯೋಜನೆಗಳ ಹಿಂದಿದ್ದ ವಿಚಾರ ಸರಳ: ಮುಪ್ಪಿನವರು ಸಹಾಯ ಪಡೆಯುವವರು ಮಾತ್ರವಲ್ಲ, ಸಹಾಯ ನೀಡುವವರೂ ಹೌದು. ಕಲಾ ಸ್ಪರ್ಧೆಯು ಇದೇ ವಿಚಾರವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಹಿರಿಯರು ನೀಡುವವರಷ್ಟೇ ಅಲ್ಲ, ಹೊಸದನ್ನು ಸೃಷ್ಟಿಸುವವರೂ ಹೌದು ಎಂಬುದನ್ನು ಅದು ಸಾರ್ವಜನಿಕರ ಕಣ್ಣೆದುರಿಗೆ ತರುತ್ತದೆ.

ಜಪಾನಿನ ಮಾದರಿ

ಸೇವೆ ಮತ್ತು ಕಲೆ ಎರಡನ್ನೂ ಒಂದೇ ಅಂಗಳದಲ್ಲಿ ಬೆಳೆಸಿದ ದೇಶ ಜಪಾನ್. ಅಲ್ಲಿನ ಊರೂರುಗಳಲ್ಲಿ ಹಿರಿಯ ನಾಗರಿಕರ ಸಂಘಗಳಿವೆ. ಅವುಗಳ ರಾಷ್ಟ್ರೀಯ ಒಕ್ಕೂಟ 1962ರಲ್ಲಿ ಸ್ಥಾಪನೆಯಾಯಿತು. ಆರೋಗ್ಯ, ಸ್ನೇಹ, ಸೇವೆ ಎಂಬ ಮೂರನ್ನು ಈ ಸಂಘಗಳು ತಮ್ಮ ಧ್ಯೇಯವಾಗಿ ಇಟ್ಟುಕೊಂಡಿವೆ. ಶಾಲೆಗೆ ಹೋಗಿಬರುವ ಮಕ್ಕಳ ಮೇಲೆ ದಾರಿಯಲ್ಲಿ ನಿಗಾ ಇಡುವುದು, ಹಾಸಿಗೆ ಹಿಡಿದ ನೆರೆಯವರನ್ನು ಕಂಡು ಮಾತನಾಡಿಸಿ ಬರುವುದು, ಉದ್ಯಾನಗಳನ್ನು ಸ್ವಚ್ಛಗೊಳಿಸುವುದು ಸದಸ್ಯರ ಕೆಲಸಗಳು. ಸೆಪ್ಟೆಂಬರ್ 20ನ್ನು ದೇಶದಾದ್ಯಂತ ಏಕಕಾಲದ ಸೇವಾ ದಿನವಾಗಿ ಆಚರಿಸಲಾಗುತ್ತದೆ. ಇದೇ ಸಂಘಗಳಲ್ಲಿ ಲಿಪಿಕಲೆ, ಚಿತ್ರಕಲೆ, ಕುಸುರಿ ಕೆಲಸಗಳ ಅಭ್ಯಾಸವೂ ಸದಸ್ಯರ ಕೃತಿಗಳ ಪ್ರದರ್ಶನವೂ ನಡೆಯುತ್ತವೆ. ಬೆಳಿಗ್ಗೆ ಪೊರಕೆ ಹಿಡಿದ ಕೈ ಮಧ್ಯಾಹ್ನ ಕುಂಚ ಹಿಡಿಯುವುದು ಅಲ್ಲಿ ವಿಶೇಷ ಸಂಗತಿಯೆನಿಸುವುದಿಲ್ಲ.

ಹಿರಿಯರ ಕಲೆಗೆ ರಾಷ್ಟ್ರಮಟ್ಟದ ವೇದಿಕೆ ದೊರೆತದ್ದು 1988ರಲ್ಲಿ. ಜಪಾನಿನ ಆರೋಗ್ಯ ಮತ್ತು ಕಲ್ಯಾಣ ಸಚಿವಾಲಯಕ್ಕೆ ಐವತ್ತು ವರ್ಷ ತುಂಬಿದ ಆ ವರ್ಷ ಹ್ಯೋಗೊ ಪ್ರಾಂತ್ಯದಲ್ಲಿ ಮೊದಲ ರಾಷ್ಟ್ರೀಯ ಆರೋಗ್ಯ ಕಲ್ಯಾಣ ಉತ್ಸವ ನಡೆಯಿತು. ಜನರ ಬಾಯಲ್ಲಿ ಅದರ ಹೆಸರು 'ನೆನ್‌ರಿನ್‌ಪಿಕ್'. ಮರದ ಕಾಂಡದಲ್ಲಿ ವರ್ಷಕ್ಕೊಂದರಂತೆ ಮೂಡುವ ಉಂಗುರಕ್ಕೆ ಜಪಾನಿ ಭಾಷೆಯಲ್ಲಿ 'ನೆನ್‌ರಿನ್' ಎನ್ನುತ್ತಾರೆ. ಅದಕ್ಕೆ ಒಲಿಂಪಿಕ್‌ನ ಬಾಲವನ್ನು ಸೇರಿಸಿ ಈ ಪದವನ್ನು ಮಾಡಲಾಗಿದೆ. ವಯಸ್ಸು ಸವೆತವಲ್ಲ, ಸುತ್ತು ಸುತ್ತಾಗಿ ಕೂಡಿದ ಗಟ್ಟಿತನ ಎಂಬ ಅರ್ಥ ಆ ಹೆಸರಿನಲ್ಲಿಯೇ ಅಡಗಿದೆ.

ಅರವತ್ತು ವರ್ಷ ದಾಟಿದವರಿಗಾಗಿಯೇ ಇರುವ ಈ ಉತ್ಸವ ವರ್ಷಕ್ಕೊಂದು ಪ್ರಾಂತ್ಯದಲ್ಲಿ ನಡೆಯುತ್ತದೆ. ಟೇಬಲ್ ಟೆನಿಸ್, ಮ್ಯಾರಥಾನ್ ಮೊದಲಾದ ಆಟಗಳ ಜೊತೆಗೆ ಗೋ, ಶೋಗಿ ಎಂಬ ಹಲಗೆಯಾಟಗಳೂ ಹೈಕು ರಚನೆಯೂ ಇವೆ. ಕಲಾ ಪ್ರದರ್ಶನದಲ್ಲಿ ಆರು ವಿಭಾಗಗಳು: ಜಪಾನಿ ಶೈಲಿಯ ಚಿತ್ರ, ಪಾಶ್ಚಾತ್ಯ ಶೈಲಿಯ ಚಿತ್ರ, ಶಿಲ್ಪ, ಕರಕುಶಲ, ಲಿಪಿಕಲೆ ಮತ್ತು ಛಾಯಾಗ್ರಹಣ. ಪ್ರಾಂತ್ಯಗಳ ಮಟ್ಟದಲ್ಲಿ ಆಯ್ಕೆಯಾದ ಹವ್ಯಾಸಿಗಳ ಕೃತಿಗಳು ರಾಷ್ಟ್ರಮಟ್ಟಕ್ಕೆ ಬರುತ್ತವೆ. ಕರಕುಶಲ ಮತ್ತು ಲಿಪಿಕಲೆಗಳನ್ನು ಚಿತ್ರಕಲೆಯ ಸಮಕ್ಕೆ ನಿಲ್ಲಿಸಿರುವುದು ಇಲ್ಲಿ ಗಮನಾರ್ಹ. ಮುಪ್ಪಿನವರ ಕೈಯಲ್ಲಿ ಉಳಿದಿರುವ ವಿದ್ಯೆ ಹೆಚ್ಚಾಗಿ ಇರುವುದು ಇಂತಹ ಪ್ರಕಾರಗಳಲ್ಲಿಯೇ.

ಕೊರೊನಾ ಸಾಂಕ್ರಾಮಿಕದಿಂದಾಗಿ 2020 ಮತ್ತು 2021ರಲ್ಲಿ ಉತ್ಸವ ನಡೆಯಲಿಲ್ಲ. 2020ರಲ್ಲಿ ಆತಿಥ್ಯ ವಹಿಸಬೇಕಾಗಿದ್ದ ಗಿಫು ಪ್ರಾಂತ್ಯಕ್ಕೆ ಕೊನೆಗೆ ಅವಕಾಶ ದೊರೆತದ್ದು 2025ರಲ್ಲಿ. ಯುವಕರ ಕ್ರೀಡಾಕೂಟಕ್ಕೆ ಐದು ವರ್ಷ ಒಂದು ವಿಳಂಬ ಮಾತ್ರ. ಎಂಬತ್ತೈದರ ಸ್ಪರ್ಧಿಗೆ ಅದು ಬಹುದೊಡ್ಡ ಅವಧಿ. ಹಿರಿಯರ ಕಾರ್ಯಕ್ರಮಗಳನ್ನು ಮುಂದೂಡುವ ಮುನ್ನ ಎರಡು ಬಾರಿ ಯೋಚಿಸಬೇಕೆಂಬುದಕ್ಕೆ ಇದು ನಿದರ್ಶನ.

ಜಪಾನಿನ ಮತ್ತೊಂದು ಪ್ರಯೋಗವೂ ಉಲ್ಲೇಖಾರ್ಹ. ಅಲ್ಲಿನ ಖಾಸಗಿ ವೃದ್ಧಾಶ್ರಮಗಳ ಸಂಘವು 2001ರಿಂದ 'ಸಿಲ್ವರ್ ಸೆನ್‌ರ್ಯು' ಎಂಬ ಕಿರುಗವಿತೆಗಳ ಸ್ಪರ್ಧೆ ನಡೆಸುತ್ತಿದೆ. ಹದಿನೇಳು ಧ್ವನಿಮಾತ್ರೆಗಳ ಈ ವಿನೋದ ಪದ್ಯಗಳ ವಸ್ತು ಮುಪ್ಪೇ: ಮರೆವು, ಕಿವುಡು, ಔಷಧದ ಚೀಟಿ, ದಾಂಪತ್ಯ. ಆಯ್ದ ಪದ್ಯಗಳ ಸಂಕಲನಗಳು ಅಲ್ಲಿ ಜನಪ್ರಿಯ ಪುಸ್ತಕಗಳಾಗಿವೆ. ವೃದ್ಧರನ್ನು ಕುರಿತು ಇತರರು ನಗುವ ಬದಲು ವೃದ್ಧರೇ ತಮ್ಮನ್ನು ಕುರಿತು ನಕ್ಕು ಓದುಗರನ್ನೂ ನಗಿಸುತ್ತಾರೆ.

ವಯಸ್ಸು ಮತ್ತು ತೀರ್ಪು

ಕಲಾ ಸ್ಪರ್ಧೆ ಎಂದರೆ ಎಳೆಯರ ಕಣ ಎಂಬ ಭಾವನೆ ಬಲವಾಗಿದೆ. ಇತಿಹಾಸ ಬೇರೆಯದನ್ನೇ ಹೇಳುತ್ತದೆ. 1912ರಿಂದ 1948ರವರೆಗೆ ಒಲಿಂಪಿಕ್ ಕೂಟಗಳಲ್ಲಿ ಕಲೆಗೂ ಪದಕಗಳಿದ್ದವು. 1948ರ ಲಂಡನ್ ಕೂಟದಲ್ಲಿ ಮುದ್ರಣ ಚಿತ್ರಗಳ ವಿಭಾಗದ ಬೆಳ್ಳಿ ಪದಕ ಪಡೆದ ಬ್ರಿಟನ್ನಿನ ಜಾನ್ ಕಾಪ್ಲಿಗೆ ಆಗ 73 ವರ್ಷ.

ಅಮೆರಿಕದ ಅನ್ನಾ ಮೇರಿ ರಾಬರ್ಟ್‌ಸನ್ ಮೋಸಸ್ ಅವರ ಕಥೆ ಇನ್ನೂ ಬೋಧಪ್ರದ. 1860ರಲ್ಲಿ ಜನಿಸಿದ ಈ ರೈತ ಮಹಿಳೆ ಉಣ್ಣೆಯ ದಾರದಿಂದ ಕಸೂತಿ ಚಿತ್ರಗಳನ್ನು ಮಾಡುತ್ತಿದ್ದರು. ಸಂಧಿವಾತದಿಂದ ಸೂಜಿ ಹಿಡಿಯುವುದು ಕಷ್ಟವಾದಾಗ, ಎಪ್ಪತ್ತರ ದಶಕದ ವಯಸ್ಸಿನಲ್ಲಿ, ಕುಂಚ ಹಿಡಿದರು. ಜಿಲ್ಲಾ ಜಾತ್ರೆಯ ಸ್ಪರ್ಧೆಗೆ ಅವರು ಹಣ್ಣಿನ ಜ್ಯಾಮ್ ಮತ್ತು ಚಿತ್ರಗಳೆರಡನ್ನೂ ಒಯ್ದಿದ್ದರು. ಬಹುಮಾನ ಬಂದದ್ದು ಜ್ಯಾಮಿಗೆ, ಚಿತ್ರಗಳಿಗೆ ಅಲ್ಲ. 1938ರಲ್ಲಿ ಔಷಧದಂಗಡಿಯೊಂದರ ಕಿಟಕಿಯಲ್ಲಿ ಇಟ್ಟಿದ್ದ ಅವರ ಚಿತ್ರಗಳು ಕಲಾಸಂಗ್ರಾಹಕ ಲೂಯಿ ಕಾಲ್ಡರ್ ಅವರ ಕಣ್ಣಿಗೆ ಬಿದ್ದವು. 1940ರಲ್ಲಿ ನ್ಯೂಯಾರ್ಕಿನಲ್ಲಿ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು. 'ಗ್ರ್ಯಾಂಡ್‌ಮಾ ಮೋಸಸ್' ಎಂದು ಜಗತ್ಪ್ರಸಿದ್ಧರಾದ ಅವರು 1961ರಲ್ಲಿ 101ನೆಯ ವಯಸ್ಸಿನಲ್ಲಿ ತೀರಿಕೊಂಡರು. ರೈತ ಮಹಿಳೆಯಿಂದ ಜ್ಯಾಮನ್ನು ನಿರೀಕ್ಷಿಸಿದವರಿಗೆ ಆಕೆಯ ಚಿತ್ರ ಕಾಣಿಸಲಿಲ್ಲ. ನಿರೀಕ್ಷೆಯೇ ಕಣ್ಣನ್ನು ಕಟ್ಟುತ್ತದೆ.

ದೊಡ್ಡ ಪ್ರಶಸ್ತಿಗಳೂ ಈ ದೋಷದಿಂದ ಮುಕ್ತವಾಗಿರಲಿಲ್ಲ. ಬ್ರಿಟನ್ನಿನ ಟರ್ನರ್ ಪ್ರಶಸ್ತಿ 1991ರಿಂದ 50 ವರ್ಷದೊಳಗಿನ ಕಲಾವಿದರಿಗೆ ಮಾತ್ರ ಮೀಸಲಾಗಿತ್ತು. 2017ರಲ್ಲಿ ಈ ಮಿತಿಯನ್ನು ತೆಗೆದುಹಾಕಲಾಯಿತು. ಅದೇ ವರ್ಷ ಪ್ರಶಸ್ತಿ ಸಂದದ್ದು 63 ವರ್ಷದ ಲುಬೈನಾ ಹಿಮಿದ್ ಅವರಿಗೆ. 1957ರಲ್ಲಿ ಆರಂಭವಾದ ಅಲ್ಲಿನ ಜಾನ್ ಮೂರ್ಸ್ ಚಿತ್ರಕಲಾ ಪ್ರಶಸ್ತಿಯಲ್ಲಿ ತೀರ್ಪುಗಾರರಿಗೆ ಕಲಾವಿದರ ಹೆಸರು ತಿಳಿಸುವುದಿಲ್ಲ. 2014ರಲ್ಲಿ ಆ ಪ್ರಶಸ್ತಿ ಗೆದ್ದ ರೋಸ್ ವೈಲಿ ಎಂಬತ್ತರ ಹೊಸ್ತಿಲಲ್ಲಿದ್ದರು. ಹೆಸರು, ವಯಸ್ಸುಗಳನ್ನು ಮರೆಮಾಡಿದಾಗ ಕಾಣುವುದು ಕೃತಿ ಮಾತ್ರ.

ಅಧ್ಯಯನಗಳು ಹೇಳುವುದೇನು

ಕಲಾಭ್ಯಾಸದಿಂದ ಹಿರಿಯರ ಆರೋಗ್ಯಕ್ಕೆ ಒಳಿತಾಗುವುದೇ ಎಂಬ ಪ್ರಶ್ನೆಗೆ ಅಮೆರಿಕದ ಮನೋವೈದ್ಯ ಜೀನ್ ಕೋಹೆನ್ 2001ರಲ್ಲಿ ಆರಂಭಿಸಿದ ಅಧ್ಯಯನ ಪ್ರಸಿದ್ಧವಾಗಿದೆ. ವಾಷಿಂಗ್ಟನ್, ಬ್ರೂಕ್ಲಿನ್ ಮತ್ತು ಸ್ಯಾನ್‌ಫ್ರಾನ್ಸಿಸ್ಕೊಗಳಲ್ಲಿ 65 ವರ್ಷ ದಾಟಿದ ಸುಮಾರು 300 ಮಂದಿ ಅದರಲ್ಲಿ ಪಾಲ್ಗೊಂಡರು. ವೃತ್ತಿಪರ ಕಲಾವಿದರ ಮಾರ್ಗದರ್ಶನದಲ್ಲಿ ನಿಯಮಿತವಾಗಿ ಕಲಾ ಚಟುವಟಿಕೆ ನಡೆಸಿದವರಲ್ಲಿ, ನಡೆಸದವರಿಗಿಂತ, ವೈದ್ಯರ ಭೇಟಿ, ಔಷಧ ಸೇವನೆ ಮತ್ತು ಬೀಳುವ ಪ್ರಸಂಗಗಳು ಕಡಿಮೆಯಿದ್ದವು, ಮನೋಸ್ಥೈರ್ಯ ಉತ್ತಮವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ಕಚೇರಿ 2019ರಲ್ಲಿ ಪ್ರಕಟಿಸಿದ ವರದಿ ಕಲೆ ಮತ್ತು ಆರೋಗ್ಯದ ಸಂಬಂಧ ಕುರಿತ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ರೋಗ ತಡೆಯಲ್ಲಿಯೂ ಆರೈಕೆಯಲ್ಲಿಯೂ ಕಲೆಗೆ ಪಾತ್ರವಿದೆ ಎಂದಿತು.

ಆದರೆ ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕೋಹೆನ್ ಅವರ ಅಧ್ಯಯನದಲ್ಲಿದ್ದುದು ಸ್ಪರ್ಧೆಯಲ್ಲ, ತಿಂಗಳುಗಟ್ಟಲೆ ನಡೆದ ಸಾಮೂಹಿಕ ಅಭ್ಯಾಸ. ಹೀಗಾಗಿ ಬಹುಮಾನದಿಂದ ಆರೋಗ್ಯ ಸುಧಾರಿಸುತ್ತದೆ ಎಂದು ಯಾರೂ ಹೇಳಲಾಗದು. ಸ್ಪರ್ಧೆಯ ಪ್ರಯೋಜನ ಬೇರೆ: ಅಭ್ಯಾಸಕ್ಕೆ ಒಂದು ಗುರಿ, ಕೃತಿಗೆ ಒಂದು ಗೋಡೆ, ಕಲಾವಿದರಿಗೆ ನೋಡುಗರು.

ಕರ್ನಾಟಕದಲ್ಲಿ

ವಿಶ್ವಸಂಸ್ಥೆಯ ಮಹಾಸಭೆ 1990ರಲ್ಲಿ ಕೈಗೊಂಡ ನಿರ್ಣಯದಂತೆ ಅಕ್ಟೋಬರ್ 1 ಅಂತಾರಾಷ್ಟ್ರೀಯ ಹಿರಿಯ ನಾಗರಿಕರ ದಿನ. ಈ ಸಂದರ್ಭದಲ್ಲಿ ನಮ್ಮ ರಾಜ್ಯದಲ್ಲಿಯೂ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯು ಜಿಲ್ಲೆಗಳಲ್ಲಿ ಹಿರಿಯರಿಗಾಗಿ ಕ್ರೀಡಾ ಮತ್ತು ಸಾಂಸ್ಕೃತಿಕ ಸ್ಪರ್ಧೆಗಳನ್ನು ಏರ್ಪಡಿಸುತ್ತದೆ. ಕೇಂದ್ರ ಸರಕಾರವು 2005ರಲ್ಲಿ ಆರಂಭಿಸಿ 2013ರಲ್ಲಿ ರಾಷ್ಟ್ರೀಯ ಪ್ರಶಸ್ತಿಯ ಸ್ಥಾನಕ್ಕೇರಿಸಿದ 'ವಯೋಶ್ರೇಷ್ಠ ಸಮ್ಮಾನ್'ನಲ್ಲಿ ಸೃಜನಶೀಲ ಕಲೆಗೂ ಒಂದು ವಿಭಾಗವಿದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ 60 ದಾಟಿದವರ ಪಾಲು ಶೇಕಡ 9.5. ಅಂದಿನಿಂದ ಈ ಪಾಲು ಏರುತ್ತಲೇ ಇದೆ.

ವೇದಿಕೆಗಳು ಇಲ್ಲವೆಂದಲ್ಲ. ಕೊರತೆ ಇರುವುದು ವಿಭಾಗಗಳ ಕಲ್ಪನೆಯಲ್ಲಿ. 'ಚಿತ್ರಕಲೆ' ಎಂದು ಪ್ರಕಟಣೆ ಹೊರಡಿಸಿದರೆ ಡ್ರಾಯಿಂಗ್ ಹಾಳೆ, ಬಣ್ಣದ ಪೆಟ್ಟಿಗೆ ಹಿಡಿದು ಬರುವವರು ಒಂದು ಬಗೆಯವರು ಮಾತ್ರ. ಮಲೆನಾಡಿನ ದೀವರ ಸಮುದಾಯದ ಹಿರಿಯ ಮಹಿಳೆಯರು ಬಲ್ಲ ಹಸೆ ಚಿತ್ತಾರವನ್ನು ಯಾವ ವಿಭಾಗದಲ್ಲಿ ಸೇರಿಸಬೇಕು? ಅಲ್ಲಿ ಕುಂಚವೆಂದರೆ ಪುಂಡಿ ನಾರು. ಬಿಳುಪಿಗೆ ಅಕ್ಕಿ ಹಿಟ್ಟು, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಸುಟ್ಟ ಅಕ್ಕಿ. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿವೆ. ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ ಈ ಹೊಲಿಗೆಗೆ ಪೆನ್ಸಿಲ್ಲಿನ ಗುರುತೂ ಬೇಕಿಲ್ಲ. ಉತ್ತರ ಕರ್ನಾಟಕದ ಕೌದಿ, ಹಬ್ಬದ ರಂಗೋಲಿ ಎಲ್ಲಕ್ಕೂ ಇದೇ ಪ್ರಶ್ನೆ. ಇವನ್ನು ಮನೆಗೆಲಸವೆಂದು ಕರೆದು ಹೊರಗಿಟ್ಟರೆ ಹಿರಿಯ ಮಹಿಳೆಯರ ಅರ್ಧ ಕಲೆಯನ್ನೇ ಹೊರಗಿಟ್ಟಂತಾಗುತ್ತದೆ. ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರ ವಯಸ್ಸು 96. ನಾಡು ಯಾವುದನ್ನು ಕಲೆಯೆಂದು ಗೌರವಿಸಬೇಕೆಂಬ ಪ್ರಶ್ನೆಗೆ ಅದೂ ಒಂದು ಉತ್ತರ.

ಸ್ಪರ್ಧೆ ಏರ್ಪಡಿಸುವವರು ಗಮನಿಸಬೇಕಾದುದು

ಅರ್ಹತೆ: ಸ್ವಯಂಸೇವಕರಿಗಾಗಿಯೇ ಇರುವ ಸ್ಪರ್ಧೆಯಾದರೆ ಕನಿಷ್ಠ ಸೇವಾವಧಿಯನ್ನು ಪ್ರವೇಶದ ಷರತ್ತಾಗಿ ಇಡಬಹುದು. ಆದರೆ ಸೇವೆಯ ಗಂಟೆಗಳಿಗೆ ಅಂಕ ಕೊಡಬಾರದು. ಸೇವೆಗೆ ಬೇರೆ ಗೌರವವಿರಲಿ. ಚಿತ್ರಕ್ಕೆ ಚಿತ್ರದ ಅಂಕವೇ ಇರಲಿ.

ವರ್ಗೀಕರಣ: ಅರವತ್ತರವರನ್ನೂ ಎಂಬತ್ತೈದರವರನ್ನೂ ಒಂದೇ ಗುಂಪಿನಲ್ಲಿ ನಿಲ್ಲಿಸುವುದು ಸರಿಯಲ್ಲ. ಹತ್ತು ವರ್ಷಗಳ ಅಂತರದ ಗುಂಪುಗಳು ಅನುಕೂಲ. ಅದಕ್ಕಿಂತಲೂ ಮುಖ್ಯವಾದುದು ತರಬೇತಿ ಪಡೆದವರನ್ನೂ ಸ್ವಂತವಾಗಿ ಕಲಿತವರನ್ನೂ ಬೇರ್ಪಡಿಸುವುದು. ಇಲ್ಲವಾದರೆ ನಿವೃತ್ತ ಡ್ರಾಯಿಂಗ್ ಮಾಸ್ತರರೇ ಪ್ರತಿವರ್ಷ ಬಹುಮಾನ ಒಯ್ಯುತ್ತಾರೆ. ಉಳಿದವರು ಮರುವರ್ಷ ಬರುವುದಿಲ್ಲ.

ಸಮಯ ಮತ್ತು ಸ್ಥಳ: ಸ್ಥಳದಲ್ಲಿಯೇ ಎರಡು ಗಂಟೆಯಲ್ಲಿ ಬರೆದು ಮುಗಿಸುವ ಸ್ಪರ್ಧೆ ಶಾಲಾ ಮಕ್ಕಳ ಪದ್ಧತಿ. ಕೈನಡುಕ, ಕಣ್ಣಿನ ಪೊರೆ, ಬೆನ್ನುನೋವು ಇರುವವರಿಗೆ ಅದು ಕಲೆಯ ಪರೀಕ್ಷೆಯಾಗದೆ ದೇಹದ ಪರೀಕ್ಷೆಯಾಗುತ್ತದೆ. ಮನೆಯಲ್ಲಿ ಮಾಡಿದ ಕೃತಿಯನ್ನು ತಮ್ಮದೆಂಬ ಲಿಖಿತ ಹೇಳಿಕೆಯೊಡನೆ ಸ್ವೀಕರಿಸುವುದು ಮೇಲು. ಸ್ಥಳದಲ್ಲಿಯೇ ನಡೆಸುವುದಾದರೆ ಬೆನ್ನಾಸರೆಯ ಕುರ್ಚಿ, ಎತ್ತರ ಸರಿಯಿರುವ ಮೇಜು, ಒಳ್ಳೆಯ ಬೆಳಕು, ಮೆಟ್ಟಿಲಿಲ್ಲದ ದಾರಿ, ಹತ್ತಿರದಲ್ಲಿ ಶೌಚಾಲಯ ಇರಲೇಬೇಕು. ಅರ್ಜಿಗಳು ದೊಡ್ಡ ಅಕ್ಷರಗಳಲ್ಲಿರಲಿ. ಆನ್‌ಲೈನಿನಲ್ಲಿ ಮಾತ್ರ ಅರ್ಜಿ ಎಂದರೆ ಹಲವರು ಬಾಗಿಲಲ್ಲೇ ಹಿಂತಿರುಗುತ್ತಾರೆ.

ತೀರ್ಪು: ಕೃತಿಯ ಹಿಂಬದಿಯಲ್ಲಿ ಸಂಖ್ಯೆ ಮಾತ್ರವಿದ್ದು, ಹೆಸರು ತೀರ್ಪುಗಾರರಿಗೆ ತಿಳಿಯದಂತಿರಲಿ. ಕನಿಷ್ಠ ಮೂವರು ತೀರ್ಪುಗಾರರಿದ್ದು, ಅವರಲ್ಲಿ ಒಬ್ಬರಾದರೂ ಕಸೂತಿ, ಕೆತ್ತನೆಗಳಂತಹ ಕೈಕೆಲಸ ಬಲ್ಲವರಾಗಿದ್ದರೆ ಒಳಿತು. ಪ್ರತಿ ಕೃತಿಗೂ ಎರಡು ಸಾಲಿನ ಲಿಖಿತ ಅಭಿಪ್ರಾಯ ಕೊಡುವುದು ಅತ್ಯಗತ್ಯ. 'ಈ ವಯಸ್ಸಿನಲ್ಲಿಯೂ ಎಷ್ಟು ಚೆನ್ನಾಗಿ ಮಾಡಿದ್ದೀರಿ' ಎಂಬ ಮಾತು ಅಭಿಪ್ರಾಯವಲ್ಲ. 'ಹಿನ್ನೆಲೆಯ ಹಸಿರು ಭಾರವಾಗಿದೆ, ಕೈಗಳನ್ನು ಬಿಡಿಸಿದ ರೀತಿ ಸೊಗಸಾಗಿದೆ' ಎನ್ನುವುದು ಅಭಿಪ್ರಾಯ. ಎರಡನೆಯದನ್ನು ಕೇಳಿದವರು ಮುಂದಿನ ಚಿತ್ರ ಬರೆಯುತ್ತಾರೆ.

ಪ್ರದರ್ಶನ: ಗೆದ್ದ ಮೂರು ಕೃತಿಗಳನ್ನಷ್ಟೇ ತೂಗುಹಾಕಿ ಉಳಿದವನ್ನು ಕಟ್ಟಿಟ್ಟರೆ ಸ್ಪರ್ಧೆಯ ಉದ್ದೇಶವೇ ವಿಫಲ. ಬಂದ ಎಲ್ಲ ಕೃತಿಗಳಿಗೂ ಜಾಗವಿರಲಿ. ಗಾಲಿಕುರ್ಚಿಯಲ್ಲಿ ಬರುವವರಿಗೂ ಕಾಣುವ ಎತ್ತರದಲ್ಲಿರಲಿ. ಕಲಾವಿದರು ಸೇವೆ ಸಲ್ಲಿಸುವ ಆಸ್ಪತ್ರೆ, ಶಾಲೆ, ಗ್ರಂಥಾಲಯಗಳ ಗೋಡೆಯೇ ಪ್ರದರ್ಶನಕ್ಕೆ ತಕ್ಕ ಸ್ಥಳವಾಗಬಲ್ಲದು. ಸಂಜೆ ಲೆಕ್ಕ ಕಲಿಸುವ ಮೇಷ್ಟರು ಚಿತ್ರಕಾರರೂ ಹೌದೆಂದು ಮಕ್ಕಳಿಗೆ ತಿಳಿಯುವುದು ಅಲ್ಲಿಯೇ.

ಬಹುಮಾನ: ಸ್ಮರಣಿಕೆಗಿಂತ ಒಳ್ಳೆಯ ಬಣ್ಣ, ಕಾಗದ, ದಾರ, ಚೌಕಟ್ಟು ಹಾಕಿಸುವ ವೆಚ್ಚ, ಹೋಗಿಬರುವ ಆಟೋ ಬಾಡಿಗೆ ಹೆಚ್ಚು ಉಪಯುಕ್ತ.

ಹಕ್ಕು ಯಾರದು?

ಅನೇಕ ಸ್ಪರ್ಧೆಗಳ ನಿಯಮಾವಳಿಯಲ್ಲಿ 'ಸಲ್ಲಿಸಿದ ಕೃತಿಗಳು ಸಂಘಟಕರ ಸ್ವತ್ತಾಗುತ್ತವೆ' ಎಂಬ ಸಾಲು ಕಾಣಿಸುತ್ತದೆ. ಹಿರಿಯರು ಅದನ್ನು ಓದದೆ ಸಹಿ ಹಾಕಿಬಿಡುತ್ತಾರೆ. 1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರದ ಕೃತಿಸ್ವಾಮ್ಯ ಸಾಮಾನ್ಯವಾಗಿ ಅದನ್ನು ರಚಿಸಿದವರದು. ಕಲಾವಿದರ ಮರಣಾನಂತರವೂ 60 ವರ್ಷ ಅದು ಉಳಿಯುತ್ತದೆ. ಅದನ್ನು ಇತರರಿಗೆ ವಹಿಸಿಕೊಡಲು ಸಹಿಯಿರುವ ಲಿಖಿತ ಪತ್ರ ಬೇಕು. ಕೃತಿಯನ್ನು ಕೊಟ್ಟಮಾತ್ರಕ್ಕೆ ಅಥವಾ ಮಾರಿದಮಾತ್ರಕ್ಕೆ ಕೃತಿಸ್ವಾಮ್ಯ ಕೈಬಿಡುವುದಿಲ್ಲ.

ಆದ್ದರಿಂದ ಸಂಘಟಕರು ಪ್ರದರ್ಶನಕ್ಕೆ ಮತ್ತು ಪ್ರಚಾರಕ್ಕೆ ಬೇಕಾದಷ್ಟು ಅನುಮತಿಯನ್ನು ಮಾತ್ರ ಕೇಳಬೇಕು. ಕೃತಿಯನ್ನು ನಿಗದಿತ ದಿನದೊಳಗೆ ಹಿಂತಿರುಗಿಸಬೇಕು. ಹಿರಿಯ ಕಲಾವಿದರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅದು ಅವರ ಕೊನೆಯ ಚಿತ್ರವಾಗಿರಬಹುದು. ಮನೆಯವರ ಪಾಲಿಗೆ ಉಳಿಯುವ ಗುರುತೂ ಆಗಿರಬಹುದು. ಕೃತಿಯ ಹಿಂದೆ ಹೆಸರು, ವರ್ಷ, ಬಳಸಿದ ಸಾಮಗ್ರಿಯನ್ನು ಬರೆದಿಡುವಂತೆ ಸ್ಪರ್ಧಿಗಳಿಗೆ ತಿಳಿಸಿ, ತೀರ್ಪು ಮುಗಿಯುವವರೆಗೆ ಅದನ್ನು ಕಾಗದದಿಂದ ಮುಚ್ಚಿಟ್ಟರೆ ಗುಟ್ಟೂ ಉಳಿಯುತ್ತದೆ, ದಾಖಲೆಯೂ ಉಳಿಯುತ್ತದೆ.

ಸ್ಪರ್ಧೆಯ ಮಿತಿ

ಎಲ್ಲ ಹಿರಿಯರೂ ಸ್ಪರ್ಧೆಯನ್ನು ಬಯಸುವುದಿಲ್ಲ. ಜೀವನವಿಡೀ ಅಂಕ, ಬಡ್ತಿ, ಹೋಲಿಕೆಗಳಲ್ಲಿ ಕಳೆದವರಿಗೆ ಈ ವಯಸ್ಸಿನಲ್ಲಿ ಮತ್ತೊಂದು ಪರೀಕ್ಷೆ ಬೇಡವೆನಿಸುವುದು ಸಹಜ. ಅವರ ಕೃತಿಗಳನ್ನು ಸ್ಪರ್ಧೆಯ ಹೊರಗಿಟ್ಟು, ಅದೇ ಗೋಡೆಯ ಮೇಲೆ ಪ್ರದರ್ಶಿಸಲು ಅವಕಾಶವಿರಬೇಕು. ವರ್ಷಕ್ಕೊಮ್ಮೆ ಸ್ಪರ್ಧೆ ನಡೆಸಿ ಉಳಿದ ದಿನ ಮರೆತುಬಿಟ್ಟರೆ ಶಾಲು ಹೊದಿಸುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸ ಉಳಿಯುವುದಿಲ್ಲ. ವಾರಕ್ಕೊಂದು ದಿನ ಕೂಡಿ ಕಲಿಯುವ ಒಂದು ಕೊಠಡಿ, ಮಾರ್ಗದರ್ಶನ ಮಾಡುವ ಒಬ್ಬ ಕಲಾವಿದ, ಕಾಗದ ಮತ್ತು ಬಣ್ಣಕ್ಕೆ ಸಣ್ಣ ಮೊತ್ತ, ಇಷ್ಟಿದ್ದರೆ ಸ್ಪರ್ಧೆಗೆ ಬೇರು ದೊರೆಯುತ್ತದೆ.

ಸ್ವಯಂಸೇವಕರ ಸೇವೆಗೆ ಬೆಲೆ ಕಟ್ಟಲಾಗದು ಎಂದು ಸಭೆಗಳಲ್ಲಿ ಹೇಳುವುದುಂಟು. ಅವರ ಚಿತ್ರದ ಬಗೆಗೆ ಆ ಮಾತು ಹೇಳಿ ಮುಗಿಸುವಂತಿಲ್ಲ. ಅದರ ಮುಂದೆ ನಿಂತು ನೋಡಬೇಕು, ಗುಣವನ್ನೂ ದೋಷವನ್ನೂ ಹೇಳಬೇಕು, ಬೆಲೆ ಕಟ್ಟಬೇಕು. ಕಲಾವಿದರಿಗೆ ಸಲ್ಲಬೇಕಾದ ಮರ್ಯಾದೆ ಅದೇ. ಅದು ಇಪ್ಪತ್ತರವರಿಗೂ ಒಂದೇ, ಎಂಬತ್ತರವರಿಗೂ ಒಂದೇ.